ಮೀಸಲು ಕ್ವಾರ್ಟರ್‌ಬ್ಯಾಕ್‌ನನ್ನು ಬೆಂಚಿನಿಂದ ಎಬ್ಬಿಸುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ನಡೆಸುವವನು, ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಮೀಸಲು ಕ್ವಾರ್ಟರ್‌ಬ್ಯಾಕ್‌ನ ಪಾಡು ಕ್ರಿಕೆಟ್‌ನ ಹನ್ನೆರಡನೆಯ ಆಟಗಾರನಂಥದ್ದು. ಮುಖ್ಯ ಆಟಗಾರನಿಗೆ ಪೆಟ್ಟಾಗುವವರೆಗೆ ಅವನಿಗೆ ಕೆಲಸವಿಲ್ಲ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ತರಬೇತುದಾರರಾಗಿದ್ದ ಶಾನ್ ಪೇಟನ್ ಈ ರೂಢಿಯನ್ನು ಒಪ್ಪಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ 2017ರಲ್ಲಿ ಕೈಬಿಟ್ಟ ಕ್ವಾರ್ಟರ್‌ಬ್ಯಾಕ್ ಟೇಸಮ್ ಹಿಲ್ ಅವರನ್ನು ಸೇಂಟ್ಸ್ ಸೇರಿಸಿಕೊಂಡಿತು. ಡ್ರೂ ಬ್ರೀಸ್ ಅವರಂಥ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಆಡುತ್ತಿದ್ದಾಗಲೇ ಪೇಟನ್ ಹಿಲ್ ಅವರನ್ನೂ ಕಣಕ್ಕಿಳಿಸಿದರು. ಆ ಪ್ರಯೋಗದಿಂದ ಯಾವ ತರಬೇತುದಾರರೂ ಕಲಿಯಬಹುದು.

1. ಮೈಕೈ ತಾಕುವ ಆಟಕ್ಕೆ ಆತ ಸಿದ್ಧನೇ ಎಂದು ನೋಡಿ

ಕ್ವಾರ್ಟರ್‌ಬ್ಯಾಕ್‌ಗಳು ಸಾಮಾನ್ಯವಾಗಿ ಡಿಕ್ಕಿ ತಪ್ಪಿಸಿಕೊಳ್ಳಲು ಕಲಿತವರು. ನಿಮಗೆ ಬೇಕಾದವನು ಡಿಕ್ಕಿಗೆ ಹೆದರದವನು. ಆದ್ದರಿಂದ ಮೊದಲು ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ) ಸಂದರ್ಭಗಳಲ್ಲಿ ಇಳಿಸಿ. 2018ರ ಡಿಸೆಂಬರ್‌ನಲ್ಲಿ ಟ್ಯಾಂಪಾ ಬೇ ವಿರುದ್ಧ ಸೇಂಟ್ಸ್ ಹಿಂದೆ ಬಿದ್ದಿದ್ದಾಗ ಎದುರಾಳಿಯ ಪಂಟ್ ತಡೆದು ಪಂದ್ಯದ ದಿಕ್ಕು ತಿರುಗಿಸಿದ್ದು ಹಿಲ್.

2. ತಲೆ ಎಣಿಸಿ

ಇಡೀ ತಂತ್ರದ ಜೀವ ಇರುವುದು ಇಲ್ಲಿ. ಮಾಮೂಲಿ ಓಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಕೈಗಿತ್ತು ಪಕ್ಕಕ್ಕೆ ಸರಿಯುತ್ತಾನೆ. 11 ಮಂದಿಯಲ್ಲಿ ಇವರಿಬ್ಬರನ್ನು ಕಳೆದರೆ ಎದುರಾಳಿಗಳನ್ನು ಅಡ್ಡಗಟ್ಟಲು ಉಳಿಯುವವರು 9. ಕ್ವಾರ್ಟರ್‌ಬ್ಯಾಕ್ ತಾನೇ ಓಡಿದರೆ 10. ಆ ಒಬ್ಬ ಹೆಚ್ಚುವರಿ ಆಳಿಗಾಗಿಯೇ ಇಷ್ಟೆಲ್ಲ ಕಸರತ್ತು.

ಒಂದು ಓಟವನ್ನು ಹತ್ತಿರದಿಂದ ನೋಡಿ. ಚೆಂಡು ಹಿಲ್ ಕೈಗೆ ಬಂದ ಕ್ಷಣವೇ ಎಡಗಡೆಯ ಗಾರ್ಡ್ (ಮುಂದಿನ ಸಾಲಿನಲ್ಲಿ ಎದುರಾಳಿಗಳನ್ನು ಅಡ್ಡಗಟ್ಟುವವನು) ತನ್ನ ಜಾಗ ಬಿಟ್ಟು, ಸಾಲಿನ ಹಿಂದಿನಿಂದ ಬಲಕ್ಕೆ ಓಡುತ್ತಾನೆ. ಬಲಗಡೆ ಅದೇ ಸಾಲಿನ ಟೈಟ್ ಎಂಡ್ ಮತ್ತು ಟ್ಯಾಕಲ್ ಎಂಬ ಆಟಗಾರರು ತಮ್ಮೆದುರಿನವರನ್ನು ಒಳಕ್ಕೆ ಒತ್ತುತ್ತಾರೆ. ಪಕ್ಕದಲ್ಲಿದ್ದ ರನ್ನಿಂಗ್ ಬ್ಯಾಕ್ (ಮಾಮೂಲಿಯಾಗಿ ಚೆಂಡು ಹಿಡಿದು ಓಡುವವನು) ಮುಂದೆ ನುಗ್ಗಿ ಹೊರಗಿನವನನ್ನು ಆಚೆಗೆ ತಳ್ಳುತ್ತಾನೆ. ತೆರೆದ ಸಂದಿಯೊಳಕ್ಕೆ ಮೊದಲು ಗಾರ್ಡ್, ಅವನ ಬೆನ್ನಿಗಂಟಿಕೊಂಡು ಹಿಲ್. ಹಿಲ್ ಅವಸರಪಟ್ಟು ಗಾರ್ಡ್‌ಗಿಂತ ಮುಂದೆ ಹೋದರೆ ಎಲ್ಲವೂ ಕೆಟ್ಟಿತು. ಅಭ್ಯಾಸದಲ್ಲಿ ತಿದ್ದಬೇಕಾದ್ದು ಈ ಹೆಜ್ಜೆಯನ್ನೇ.

3. ಎಸೆತದ ಭಯ ಉಳಿಸಿ

2008ರ ಸೆಪ್ಟೆಂಬರ್‌ನಲ್ಲಿ ಮಯಾಮಿ ಡಾಲ್ಫಿನ್ಸ್ ತನ್ನ ರನ್ನಿಂಗ್ ಬ್ಯಾಕ್ ರಾನಿ ಬ್ರೌನ್ ಅವರಿಗೆ ನೇರವಾಗಿ ಚೆಂಡು ಕೊಟ್ಟು ನ್ಯೂ ಇಂಗ್ಲೆಂಡ್ ತಂಡವನ್ನು 38–13ರಿಂದ ಮಣಿಸಿತು. ‘ವೈಲ್ಡ್‌ಕ್ಯಾಟ್’ ಎಂಬ ಆ ವ್ಯೂಹ ಬಹಳ ಕಾಲ ಬಾಳಲಿಲ್ಲ. ಓಡುವವನು ಎಸೆಯುವುದು ಅಪರೂಪವೆಂದು ತಿಳಿದ ಎದುರಾಳಿಗಳು ಮುಂದಕ್ಕೆ ಬಂದು ಜಮಾಯಿಸಿದರು. ಹಿಲ್ ಎದುರು ಆ ಧೈರ್ಯ ಸುಲಭವಲ್ಲ. ಪೇಟನ್ ತಂಡ ಬಿಟ್ಟ ಮೇಲೆ, 2022ರ ಅಕ್ಟೋಬರ್‌ನಲ್ಲಿ ಸಿಯಾಟಲ್ ವಿರುದ್ಧ ಹಿಲ್ 9 ಓಟಗಳಲ್ಲಿ 112 ಗಜ, 3 ಟಚ್‌ಡೌನ್ (ಚೆಂಡನ್ನು ಗೋಲಿನ ಗೆರೆ ದಾಟಿಸುವುದು) ಗಳಿಸಿದರು; ಜತೆಗೆ 22 ಗಜದ ಟಚ್‌ಡೌನ್ ಎಸೆತವನ್ನೂ ಎಸೆದರು. ಹಾಗಾಗಿ ಆರಂಭದಲ್ಲೇ ಒಂದು ಎಸೆತ ತೋರಿಸಿಬಿಡಿ.

4. ಮುಖ್ಯ ಆಟಗಾರನನ್ನು ಎಲ್ಲಿ ನಿಲ್ಲಿಸುವುದು?

ಅಂಚುಗೆರೆಯ ಹತ್ತಿರ. ಅವನನ್ನು ಕಾಯಲು ಎದುರಾಳಿ ಒಬ್ಬನನ್ನು ಕಳುಹಿಸಲೇಬೇಕು. ನಿಯಮಗಳು ಬಿಗಿಯಾಗಿವೆ: ಕನಿಷ್ಠ 7 ಮಂದಿ ಆಟ ಶುರುವಾಗುವ ಗೆರೆಯ ಮೇಲಿರಬೇಕು, ಚೆಂಡು ಹೊರಡುವಾಗ ಚಲಿಸುವವನು ಒಬ್ಬನೇ ಆಗಿರಬೇಕು, ತರಬೇತುದಾರರ ಮಾತು ಕೇಳಿಸುವ ರೇಡಿಯೊ ಹೆಲ್ಮೆಟ್ ಮೈದಾನದಲ್ಲಿ ಪ್ರತಿ ತಂಡಕ್ಕೆ ಒಂದೇ.

5. ಹಿತಮಿತವಾಗಿ ಬಳಸಿ

ಒಂದೆರಡು ಗಜ ಬೇಕಾದಾಗ, ಗೋಲಿನ ಗೆರೆ ಹತ್ತಿರವಿದ್ದಾಗ ಇದು ಅತ್ಯುತ್ತಮ. ಮುಖ್ಯ ಕ್ವಾರ್ಟರ್‌ಬ್ಯಾಕ್ ಲಯದಲ್ಲಿರುವಾಗ ಅವನನ್ನು ಹೊರಗೆ ಕರೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಇನ್ನೊಬ್ಬ ಎಸೆತಗಾರನೂ ತಂಡದಲ್ಲಿರಲಿ. 2019ರಲ್ಲಿ ಬ್ರೀಸ್ ಅವರ ಹೆಬ್ಬೆರಳಿಗೆ ಗಾಯವಾದಾಗ ಟೆಡ್ಡಿ ಬ್ರಿಜ್‌ವಾಟರ್ 5 ಪಂದ್ಯ ಆರಂಭಿಸಿ ಐದನ್ನೂ ಗೆಲ್ಲಿಸಿದರು, ಹಿಲ್ ತಮ್ಮ ಬಹುಮುಖ ಪಾತ್ರದಲ್ಲೇ ಮುಂದುವರಿದರು. ಮರುವರ್ಷ ಬ್ರೀಸ್ ಪಕ್ಕೆಲುಬು ಮುರಿದುಕೊಂಡಾಗ ಹಿಲ್ ಅವರೇ 4 ಪಂದ್ಯ ಆರಂಭಿಸಿದರು, 3ರಲ್ಲಿ ತಂಡ ಗೆದ್ದಿತು. ಓಟದ ತಾಲೀಮು ಎಷ್ಟೇ ಇರಲಿ, ವಾರದ ಅಭ್ಯಾಸದಲ್ಲಿ ಮೀಸಲು ಕ್ವಾರ್ಟರ್‌ಬ್ಯಾಕ್‌ನ ಎಸೆತದ ಪಾಠವನ್ನು ಕೈಬಿಡಬೇಡಿ.