ಹಳೇ 800ರ ಆಯಿಲ್ ಕುಡಿತ ಬಿಡಿಸಿದ್ದು

ಪುಣೆಯ ಭೋಸರಿಯಲ್ಲಿರುವ ನಮ್ಮ ಗ್ಯಾರೇಜಿಗೆ ಬರುವ ಹಳೇ ಗಾಡಿಗಳಲ್ಲಿ ಅರ್ಧಕ್ಕರ್ಧ ಒಂದೇ ಕಾಯಿಲೆಯವು, ಇಂಜಿನ್ ಆಯಿಲ್ ಕುಡಿಯುವುದು. ಹಿಂದಿನಿಂದ ನೀಲಿ ಹೊಗೆ. ಗೇಜ್ ಕಡ್ಡಿ ಎಳೆದರೆ ತುದಿಯಲ್ಲಷ್ಟೇ ಆಯಿಲ್. ಯಾರನ್ನು ಕೇಳಿದರೂ ಇದಕ್ಕೆ ಎರಡೇ ಮದ್ದು ಹೇಳುತ್ತಾರೆ. ದುಡ್ಡಿಲ್ಲದಿದ್ದರೆ ದಪ್ಪ ಆಯಿಲ್ ಹಾಕು, ದುಡ್ಡಿದ್ದರೆ ಹಾಫ್ ಇಂಜಿನ್ ಮಾಡಿಸು, ಅಂದರೆ ಸಿಲಿಂಡರ್ ಕೊರೆಸಿ (ಬೋರ್ ಹೊಡೆಸಿ) ಹೊಸ ಪಿಸ್ಟನ್ ಹಾಕಿಸು. ಒಳಗಿನ ಕೊಳಕು ತೊಳೆಯುವ ಮೂರನೇ ದಾರಿ ಇದೆ ಅಂತ ನಾನು ಹೇಳಿದಾಗ ನಕ್ಕವರೇ ಜಾಸ್ತಿ. ಈಗ ಹಾಗೆ ತೊಳೆದ ಹಳೇ ಮಾರುತಿ 800 ಹೊಗೆ ಇಲ್ಲದೆ ಓಡುತ್ತಿದೆ. ನಕ್ಕವರಲ್ಲಿ ಇಬ್ಬರು ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಇಷ್ಟಾದ ಮೇಲೆ ಬರೆಯಲು ಅಡ್ಡಿ ಇಲ್ಲ ಅಲ್ವಾ?

ಗಾಡಿ ನನ್ನದೇ. 1996ರ ಮಾರುತಿ 800, ಕಾರ್ಬುರೇಟರ್ ಮಾಡೆಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ್ದು. ಎರಡು ಲಕ್ಷ ಕಿಲೋಮೀಟರ್ ಮೇಲೆ ಓಡಿದೆ. ಸುಮಾರು 450 ಕಿಲೋಮೀಟರಿಗೆ ಒಂದು ಲೀಟರ್ ಕುಡಿಯುತ್ತಿತ್ತು. ಬೆಳಗಾವಿಗೆ ಹೋಗಿ ಬಂದರೆ ಒಂದೂವರೆ ಲೀಟರ್ ಲೆಕ್ಕ. ಇಂಜಿನ್ ತಳದ ಆಯಿಲ್ ಚೇಂಬರಿನಲ್ಲಿ ಇರುವುದೇ ಮೂರು ಲೀಟರಿನ ಆಸುಪಾಸು. ಹಾಫ್ ಇಂಜಿನ್‌ಗೆ ಬೋರಿಂಗ್, ಪಿಸ್ಟನ್, ಪ್ಯಾಕಿಂಗ್ ಸೆಟ್ ಎಲ್ಲ ಸೇರಿ 20-22 ಸಾವಿರ ಬೀಳುತ್ತಿತ್ತು, ಅದೂ ಕೂಲಿ ನನ್ನದೇ ಅಂತ ಬಿಟ್ಟು. ಗುಜರಿಯವನು ಇಡೀ ಗಾಡಿಗೆ ಕೊಡುತ್ತೇನೆ ಅಂದದ್ದೂ ಹೆಚ್ಚುಕಡಿಮೆ ಅಷ್ಟೇ. ಮೇಲೆ 600 ರೂಪಾಯಿ ಇದ್ದ ರೀ-ರಿಜಿಸ್ಟ್ರೇಷನ್ ಫೀ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಇಂಥ ಗಾಡಿಗೆ ಬೋರ್ ಹೊಡೆಸುವುದು ಲೆಕ್ಕಕ್ಕೆ ಕೂರುವುದಿಲ್ಲ.

ಮೊದಲು ಎಲ್ಲರಂತೆ ದಪ್ಪ ಆಯಿಲ್, 20ಡಬ್ಲ್ಯೂ-50 ಹಾಕಿದೆ. ಕುಡಿತ ಸ್ವಲ್ಪ ಇಳಿಯಿತು, 450 ಇದ್ದದ್ದು 550 ಆಗಿರಬಹುದು. ಆದರೆ ಡಿಸೆಂಬರಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲಿನ ಕೆಂಪು ಲೈಟ್ ಆರಲು ಮೊದಲಿಗಿಂತ ಹೊತ್ತು ಹಿಡಿಯಿತು, ವಾಲ್ವ್ ಒತ್ತುವ ರಾಕರ್ ಕಟಕಟ ಸದ್ದೂ ಜಾಸ್ತಿ ಹೊತ್ತು ಕೇಳಿತು. ಈ ಇಂಜಿನ್‌ನಲ್ಲಿ ರಾಕರ್ ಆಡಿಸುವ ಕ್ಯಾಮ್ ಮೇಲೆ, ಹೆಡ್‌ನಲ್ಲಿದೆ. ಅಲ್ಲಿವರೆಗೆ ಆಯಿಲ್ ಏರುವ ತನಕ ಲೋಹಕ್ಕೆ ಲೋಹ ತಿಕ್ಕುತ್ತದೆ. ಕುಡಿತ ತಗ್ಗಿಸಲು ಹೋಗಿ ಸವೆತ ಹೆಚ್ಚಿಸಿದ ಹಾಗೆ. ಮೈಲೇಜೂ ಲೀಟರಿಗೆ ಒಂದು ಕಿಲೋಮೀಟರ್ ಬಿತ್ತು.

ಆಮೇಲೆ ಅಡಿಟಿವ್. ಹೊಗೆ ನಿಲ್ಲಿಸುವ ಬಾಟಲಿ ಒಂದಕ್ಕೆ 550 ಕೊಟ್ಟೆ. ಜೇನುತುಪ್ಪದ ಹಾಗೆ ಸುರಿಯುತ್ತದೆ ಅದು. ಹೊಗೆ ನಿಂತಿತು, ನಿಜ. ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಮತ್ತೆ ಶುರು. ಅದರಲ್ಲಿರುವುದು ಆಯಿಲನ್ನು ದಪ್ಪ ಮಾಡುವ ಪಾಲಿಮರ್. ಬೇರಿಂಗ್ ಸಂದಿ, ರಿಂಗ್ ಸಂದಿಯಲ್ಲಿ ಸಿಕ್ಕಿ ಆ ಉದ್ದದ ಕೊಂಡಿಗಳು ಹರಿದುಹೋಗುತ್ತವೆ, ದಪ್ಪ ಇಳಿಯುತ್ತದೆ. ಗಾಡಿ ಮಾರುವವರಿಗೆ ಒಳ್ಳೇ ಸರಕು, ಇಟ್ಟುಕೊಳ್ಳುವವರಿಗಲ್ಲ. ಇನ್ನೊಂದು ಬಾಟಲಿ ತಿಕ್ಕಾಟ ತಗ್ಗಿಸಿ ಜಾರುವಂತೆ ಮಾಡುವ ಮಾಲಿಬ್ಡಿನಮ್‌ದು. ಇಂಜಿನ್ ಸದ್ದು ನಯವಾಯಿತು ಅಂತ ನನ್ನ ಕಿವಿಗೆ ಅನ್ನಿಸಿತು. ಕುಡಿತದಲ್ಲಿ ಏನೂ ಬದಲಾಗಲಿಲ್ಲ. ಉಳಿದದ್ದನ್ನು ನಮ್ಮ ಹುಡುಗ ಸುಮ್ನೆ ಬಿಸಾಡುವುದೇಕೆ ಅಂತ ತನ್ನ ಬೈಕಿಗೆ ಸುರಿದ. ಬೈಕಿನಲ್ಲಿ ಕ್ಲಚ್ ಪ್ಲೇಟು ಅದೇ ಆಯಿಲಿನಲ್ಲಿ ಮುಳುಗಿರುತ್ತದೆ ಅನ್ನೋದು ನಿಮಗೆ ಗೊತ್ತು. ಕಾತ್ರಜ್ ಏರಿನಲ್ಲಿ ಇಂಜಿನ್ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಬೈಕ್ ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ, ಅಂದರೆ ಇಂಥ ಕ್ಲಚ್ಚಿಗೆ ಆಗುತ್ತದೆ, ಅಂತ ಬರೆದಿರುವುದು ಚಂದಕ್ಕಲ್ಲ.

ಇಷ್ಟಕ್ಕೇ ಮೂರು ಸಾವಿರದ ಹತ್ತಿರ ಖರ್ಚಾಗಿತ್ತು. ಆಗ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿದೆ. ಮೂರು ಸಿಲಿಂಡರಿಗೆ ಸುಮಾರು 140, 145, 135 ಪಿಎಸ್‌ಐ ಬಂತು. ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಐದೈದು ಏರಿತು, ಅಷ್ಟೇ. ಗೋಡೆ ಸವೆದಿದ್ದರೆ ಜಿಗಿಯಬೇಕಿತ್ತು. ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗ್ ದಾಟಿ ಕೆಳಗೆ ಸೋರುವ ಗಾಳಿ ಕೂಡ ಹೇಳಿಕೊಳ್ಳುವಷ್ಟಿರಲಿಲ್ಲ. ಈ ಅಂಕಿ ತಗೊಂಡು ನಮ್ಮ ಬೋರಿಂಗ್ ಕಾಕಾ ಹತ್ತಿರ ಹೋದೆ. ಗದಗದ ಕಡೆಯವರು, ಮೂವತ್ತು ವರ್ಷದಿಂದ ಪಿಂಪ್ರಿಯಲ್ಲಿ ಬ್ಲಾಕ್ ಕೊರೆಯುತ್ತಿದ್ದಾರೆ.

"ತಮ್ಮಾ, ರಿಂಗ್ ಹೋಗ್ಯಾವ. ಬೋರ್ ಹೊಡಸಿ ಹೊಸ ಪಿಸ್ಟನ್ ಹಾಕು. ಸುಮ್ನ ಯಾಕ ಒದ್ದಾಡ್ತಿ?"

"ಕಾಕಾ, ಕಂಪ್ರೆಷನ್ ಚಲೋ ಐತಲ್ರೀ."

"ಹೊಗಿ ಬರಾಕತ್ತೈತಿ ಅಂದಮ್ಯಾಲ ಗೇಜ್ ಯಾಕ ಬೇಕಲೇ?"

ನನ್ನ ಇಡೀ ಕಥೆ ನಿಂತಿರುವುದು ಇಲ್ಲೇ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗು. ಗೋಡೆಯ ಆಯಿಲ್ ಒರೆಸುವುದು ಕೆಳಗಿನ ಆಯಿಲ್ ರಿಂಗು. ಮೇಲಿನವು ಚೆನ್ನಾಗಿದ್ದು ಕೆಳಗಿನದು ಇಂಗಾಲ ಕಟ್ಟಿ ಪಿಸ್ಟನ್ನಿನ ಕಚ್ಚಿನಲ್ಲಿ ಅಂಟಿಕೊಂಡಿದ್ದರೆ, ಅಥವಾ ಅದರ ಹಿಂದೆ ಆಯಿಲ್ ವಾಪಸ್ ಇಳಿಯುವ ಸಣ್ಣ ತೂತುಗಳು ಮುಚ್ಚಿದ್ದರೆ, ಗೇಜ್ ಏನೂ ಹೇಳುವುದಿಲ್ಲ. ಆಯಿಲ್ ಮಾತ್ರ ಖಾಲಿ. ಬೋರ್ ಸವೆದಿಲ್ಲ, ಪಿಸ್ಟನ್ ಕೊಳಕಾಗಿದೆ. ಕೊಳಕಿಗೆ ಲೇತ್ ಯಾಕೆ?

ಇನ್ನೊಂದು ಕಡೆಯಿಂದಲೂ ಹೋಗುತ್ತಿತ್ತು. ಕಾತ್ರಜ್ ಹಳೇ ಘಾಟ್‌ನಲ್ಲಿ ಶಿವಾಪುರದ ಕಡೆ ಆಕ್ಸಿಲರೇಟರ್ ಬಿಟ್ಟು ಗೇರ್‌ನಲ್ಲೇ ಇಳಿದೆ. ಕೆಳಗೆ ಬಂದು ಕಾಲು ಕೊಟ್ಟ ಕೂಡಲೇ ಹಿಂದೆ ನೀಲಿ ಮೋಡ. ಇಳಿಯುವಾಗ ಮ್ಯಾನಿಫೋಲ್ಡಿನಲ್ಲಿ ಎಳೆತ ಜೋರಾಗಿ ವಾಲ್ವ್ ಗೈಡಿನಿಂದ ಆಯಿಲ್ ಒಳಗೆ ಇಳಿಯುತ್ತದೆ. ಅಂದರೆ ವಾಲ್ವ್ ಸೀಲ್‌ಗಳೂ ಕಲ್ಲಾಗಿದ್ದವು. ಏರುವಾಗ ಬರುವ ಹೊಗೆ ರಿಂಗಿನದು, ಇಳಿದ ಮೇಲೆ ಬರುವ ಹೊಗೆ ಸೀಲಿನದು. ನನ್ನದರಲ್ಲಿ ಎರಡೂ ಇತ್ತು.

ಸೀಲ್ ಕೆಲಸ ಮೊದಲು ಮುಗಿಸಿದೆ. ಹೆಡ್ ಇಳಿಸಲಿಲ್ಲ. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ, ಹಗ್ಗ ವಾಲ್ವ್‌ಗಳಿಗೆ ಒತ್ತಿ ನಿಲ್ಲುವ ಹಾಗೆ ಮಾಡಿದರೆ ವಾಲ್ವ್ ಕೆಳಗೆ ಬೀಳುವುದಿಲ್ಲ. ಹಗ್ಗದ ತುದಿ ಹೊರಗೇ ಇರಲಿ, ಎರಡೂ ವಾಲ್ವ್ ಮುಚ್ಚಿರುವ ಸ್ಟ್ರೋಕ್ ನೋಡಿಕೊಳ್ಳಿ. ಆರು ಸೀಲ್ ಸೆಟ್ಟು ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠ್‌ನಲ್ಲಿ 80 ರೂಪಾಯಿಗೂ ಸಿಗುತ್ತದೆ, 250ಕ್ಕೂ ಸಿಗುತ್ತದೆ. ಅಗ್ಗದ್ದು ಸಾಮಾನ್ಯ ನೈಟ್ರೈಲ್ ರಬ್ಬರ್, ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ಬಿಸಿ ತಾಳುವ ವಿಟಾನ್ ರಬ್ಬರಿನ ಸೀಲ್ ತಗೊಳ್ಳಿ. ನೋಡಿದ ಕೂಡಲೇ ಎರಡನ್ನೂ ಬೇರೆ ಮಾಡುವ ಒಂದು ಪರೀಕ್ಷೆ ನನ್ನ ಹತ್ತಿರ ಇದೆ. ಅದು ಅಂಗಡಿಯವರಿಗೂ ಗೊತ್ತಾದರೆ ನನಗೇ ಕಷ್ಟ, ಹಾಗಾಗಿ ಬರೆಯಲ್ಲ.

ಇಷ್ಟಕ್ಕೆ ಇಳಿಯುವಾಗಿನ ಹೊಗೆ ನಿಂತಿತು. ಕುಡಿತ 700 ಕಿಲೋಮೀಟರಿಗೆ ಒಂದು ಲೀಟರಿಗೆ ಬಂತು. ಕಾಕಾ ಒಪ್ಪಲಿಲ್ಲ, ತಿಂಗಳು ತಡಿ ಅಂದರು.

ರಿಂಗ್ ಬಿಡಿಸಲು ಪ್ಲಗ್ ತೂತಿನಿಂದ ಸಿಲಿಂಡರಿಗೆ ದ್ರವ ಬಿಟ್ಟು ರಾತ್ರಿಯಿಡೀ ನೆನೆಸಬೇಕು. ಮೂಲ ಎಟಿಎಫ್, ಪವರ್ ಸ್ಟೀರಿಂಗ್‌ಗೆ ಹಾಕುವ ಅದೇ ಕೆಂಪು ಆಯಿಲ್. ಅದಕ್ಕೆ ಏನು ಎಷ್ಟು ಸೇರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಕಾಸ್ಟಿಕ್ ಸೇರಿದ ಕ್ಲೀನರ್ ಮಾತ್ರ ಬೇಡವೇ ಬೇಡ, ಅಲ್ಯೂಮಿನಿಯಂ ಪಿಸ್ಟನ್ ತಿಂದುಹಾಕುತ್ತದೆ. ಮೂರು ಸಿಲಿಂಡರ್ ಇಂಜಿನ್, ಕ್ರ್ಯಾಂಕ್ ಪಿನ್‌ಗಳ ನಡುವೆ 120 ಡಿಗ್ರಿ. ಮೂರೂ ಪಿಸ್ಟನ್ ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ರಾತ್ರಿ ಹೀಗೇ ಬಿಟ್ಟೆ. ಬೆಳಿಗ್ಗೆ ಪುಲ್ಲಿಗೆ ಪಾನಾ ಹಾಕಿ ಸ್ವಲ್ಪ ಹಿಂದೆ ಮುಂದೆ ಆಡಿಸುತ್ತಿದ್ದೆ. ಮೊದಲ ದಿನ ದ್ರವ ಹಾಗೇ ನಿಂತಿತ್ತು. ಆಮೇಲಾಮೇಲೆ ಬೆಳಗಾಗುವಷ್ಟರಲ್ಲಿ ಕೆಳಗೆ ಇಳಿದಿರುತ್ತಿತ್ತು. ದಾರಿ ತೆರೆಯುತ್ತಿದೆ ಅಂತ ಅರ್ಥ. ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಬಿಚ್ಚಿಟ್ಟು, ಕಾಯಿಲ್ ವೈರ್ ತೆಗೆದು, ಸೆಲ್ಫ್ ಹೊಡೆದು ಉಳಿದದ್ದನ್ನೆಲ್ಲ ಹೊರಗೆ ಹಾರಿಸಿ. ಇಲ್ಲದಿದ್ದರೆ ದ್ರವಕ್ಕೆ ಪಿಸ್ಟನ್ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದ್ರವ ಇಳಿದು ಬೆರೆತ ಚೇಂಬರ್ ಆಯಿಲಿನಲ್ಲಿ ಗಾಡಿ ಓಡಿಸಬೇಡಿ, ಮೊದಲು ಅದನ್ನು ಬದಲಿಸಿ. ಮೊದಲ ಸಲ ಸ್ಟಾರ್ಟ್ ಆದಾಗ ಬಂದ ಹೊಗೆಗೆ ಎದುರಿನ ವಡಾಪಾವ್ ಅಂಗಡಿಯವನು ಶಟರ್ ಎಳೆದುಬಿಟ್ಟ.

ನೆನೆಸಿದ್ದು ಅರ್ಧ ಕೆಲಸ. ಉಳಿದರ್ಧ ಮಾಡಿದ್ದು ಆಯಿಲ್. ನಾನು ಹಾಕಿದ್ದು ಲಾರಿಯವರು ಹಾಕುವ 15ಡಬ್ಲ್ಯೂ-40 ಡೀಸೆಲ್ ಆಯಿಲ್. ಡಬ್ಬದ ಮೇಲೆ ಡೀಸೆಲ್ ಗುರುತು ಸಿಐ-4 ಪಕ್ಕದಲ್ಲಿ ಎಸ್ಎಲ್ ಅಂತಲೂ ಇರುವಂಥದ್ದು, ಅಂದರೆ ಪೆಟ್ರೋಲ್ ಇಂಜಿನ್‌ಗೂ ಆಗುತ್ತದೆ. ಮಸಿ ತೊಳೆಯುವ, ತೊಳೆದದ್ದನ್ನು ತೇಲಿಸಿ ಇಟ್ಟುಕೊಳ್ಳುವ ಶಕ್ತಿ ಇದರಲ್ಲಿ ಜಾಸ್ತಿ. ಸವೆತ ತಡೆಯುವ ಸತು-ರಂಜಕದ ಅಡಿಟಿವ್ ಕಂಪನಿಯವರೇ ಸರಿಯಾದ ಅಳತೆಯಲ್ಲಿ ಹಾಕಿರುತ್ತಾರೆ, ಮೇಲೆ ಬಾಟಲಿ ಸುರಿಯುವ ಅಗತ್ಯವಿಲ್ಲ. ಲೀಟರಿಗೆ 320ರ ಆಸುಪಾಸು. ಮೊದಲ ಭರ್ತಿ 500 ಕಿಲೋಮೀಟರಿಗೇ ಚೆಲ್ಲಿದೆ, ಟಾರಿನ ಹಾಗಿತ್ತು. ಎರಡನೆಯದು 1,500ಕ್ಕೆ, ಮೂರನೆಯದು 2,500ಕ್ಕೆ. ಪ್ರತಿ ಸಲ ಹೊಸ ಫಿಲ್ಟರ್. ಆಯಿಲ್ ಬೇಗ ಕಪ್ಪಾಯಿತು ಅಂತ ಗಾಬರಿ ಬೇಡ, ಅದು ಕೆಲಸ ಮಾಡುತ್ತಿದೆ.

ಒಂದೇ ಏಟಿಗೆ ತೊಳೆಯೋಣ ಅಂತ ಫ್ಲಶ್ ಹಾಕುವವರಿಗೊಂದು ಮಾತು. ಹತ್ತಿರದ ಒಂದು ಗ್ಯಾರೇಜಿನಲ್ಲಿ ಹಳೇ ಎಸ್ಟೀಮ್‌ಗೆ ಜೋರು ಫ್ಲಶ್ ಹಾಕಿದರು. ಗಸಿಯೆಲ್ಲ ಒಮ್ಮೆಗೇ ಎದ್ದು ಚೇಂಬರಿನ ಜಾಳಿಗೆ ಕಟ್ಟಿತು, ಹೆದ್ದಾರಿಯಲ್ಲಿ ಕೆಂಪು ಲೈಟ್ ಹತ್ತಿತು. ಚೇಂಬರ್ ಇಳಿಸಿ, ಬೇರಿಂಗ್ ಬದಲಿಸಿ, ಗಿರಾಕಿಯ ಬೈಗುಳವನ್ನೂ ತಿಂದರು. ನಿಧಾನವಾಗಿ ತೊಳೆಯುವುದೇ ಅಗ್ಗ.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಸ್ಟೀಲ್ ಲೋಟದ ತಳಕ್ಕೆ ಸಣ್ಣ ತೂತು ಕೊರೆದು, ಕುದಿಯುವ ನೀರಿನ ಪಾತ್ರೆಯಲ್ಲಿ ಬಿಸಿ ಮಾಡಿದ ಆಯಿಲ್ ಸುರಿದು, ಖಾಲಿಯಾಗಲು ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡುವುದು. ಪುಣೆಯ ಎತ್ತರದಲ್ಲಿ ನೀರು 98 ಡಿಗ್ರಿಯ ಆಸುಪಾಸು ಕುದಿಯುತ್ತದೆ. ಆಯಿಲ್ ಗ್ರೇಡ್ ಗೊತ್ತುಮಾಡುವ ಎಸ್ಎಇ ಸಂಸ್ಥೆ ದಪ್ಪ ಅಳೆಯುವುದು 100 ಡಿಗ್ರಿಯಲ್ಲಿ, ಹತ್ತಿರ ಹತ್ತಿರವೇ. ಹೊಸ 20ಡಬ್ಲ್ಯೂ-50 ಇಳಿಯಲು 50 ಸೆಕೆಂಡ್ ಚಿಲ್ಲರೆ, ಹೊಸ 15ಡಬ್ಲ್ಯೂ-40ಗೆ 40ರ ಸುತ್ತಮುತ್ತ. ಮಜಾ ಇರುವುದು ಓಡಿದ ಆಯಿಲಿನಲ್ಲಿ. ನನ್ನ ಗಾಡಿಯಿಂದ ಇಳಿಸಿದ 20ಡಬ್ಲ್ಯೂ-50ಗೂ 40ರ ಹತ್ತಿರವೇ ಬಂತು. ಕೊಂಡದ್ದು 50, ಮೂರು ಸಾವಿರ ಕಿಲೋಮೀಟರ್ ಆದ ಮೇಲೆ ಇದ್ದದ್ದು 40! ಪಾಲಿಮರ್ ಹರಿದದ್ದು ಸ್ವಲ್ಪ, ಚೋಕ್ ಎಳೆದು ಮನೆ-ಗ್ಯಾರೇಜು ಅಂತ ಓಡಿಸಿ ಪೆಟ್ರೋಲ್ ಬೆರೆತದ್ದು ಸ್ವಲ್ಪ. ಗೇಜ್ ಕಡ್ಡಿ ಮೂಸಿದರೆ ವಾಸನೆ ಬರುತ್ತಿತ್ತು. ಬೇರಿಂಗಿನಲ್ಲಿ ಬಿಸಿ ಮತ್ತು ವೇಗದ ಉಜ್ಜಾಟ ಎರಡೂ ಇದ್ದಾಗಿನ ದಪ್ಪಕ್ಕೆ ಎಸ್ಎಇ ಬೇರೆಯೇ ಅಳತೆ ಇಟ್ಟಿದೆ, ಅದೂ 150 ಡಿಗ್ರಿಯಲ್ಲಿ. ಅಲ್ಲಿ 15ಡಬ್ಲ್ಯೂ-40ಗೂ 50ರ ಆಯಿಲಿಗೂ ಕನಿಷ್ಠ ಮಿತಿ ಒಂದೇ, 3.7 ಸೆಂಟಿಪಾಯ್ಸ್. ದಪ್ಪ ಆಯಿಲ್ ಅಂದರೆ ಹೆಚ್ಚು ರಕ್ಷಣೆ ಅನ್ನುವವರಿಗೆ ನಾನು ಈ ಅಂಕಿ ತೋರಿಸುತ್ತೇನೆ.

ಎಲ್ಲ ಗಾಡಿಗೂ ಇದು ನಡೆಯುವುದಿಲ್ಲ. ಟಿಫಿನ್ ಸಾಗಿಸುವ ನಮ್ಮವರೊಬ್ಬರ ಓಮ್ನಿಗೂ ಇದನ್ನೇ ಮಾಡಿದೆ. ಎರಡನೇ ಸಿಲಿಂಡರ್ 90 ತೋರಿಸುತ್ತಿತ್ತು, ಆಯಿಲ್ ಬಿಟ್ಟರೆ 130ಕ್ಕೆ ಜಿಗಿಯಿತು. ಅಂದರೆ ಗೋಡೆಯೇ ಸವೆದಿದೆ. ಬೋರಿಂಗೇ ಗತಿ ಅಂತ ಹೇಳಿದೆ. "ಅಣ್ಣಾ, ಒಂದ್ ಸಲ ನೋಡಿಬಿಡ್ರಿ" ಅಂದರು, ಮೂರೂವರೆ ಸಾವಿರ ನೀರಲ್ಲಿ ಹೋಯಿತು. ಕೊನೆಗೆ ಅದು ಕಾಕಾ ಅವರ ಲೇತ್‌ಗೇ ಹೋಯಿತು. ಅವರು ಬಿಲ್ಲಿನ ಜೊತೆ ಚಹಾ ಬೇರೆ ಕೊಡಿಸಿದರು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್) ಗಾಡಿಗೆ ಡೀಸೆಲ್ ಆಯಿಲನ್ನು ಕಾಯಂ ಮಾಡಬೇಡಿ. ಅದರ ರಂಜಕ, ಬೂದಿ ಎರಡೂ ಕನ್ವರ್ಟರಿಗೆ ಆಗಿಬರುವುದಿಲ್ಲ. ತೊಳೆದು ಮುಗಿದ ಮೇಲೆ ಕೈಪಿಡಿ ಹೇಳಿದ ಗ್ರೇಡಿಗೆ ಮರಳಿ.

ನನ್ನ 800ಕ್ಕೆ ಈಗ ಲೀಟರ್ ಆಯಿಲ್ ಎರಡು ಸಾವಿರ ಕಿಲೋಮೀಟರ್ ಮೇಲೆ ಬರುತ್ತದೆ. ಮೈಲೇಜ್ 14 ಇದ್ದದ್ದು 16 ದಾಟಿದೆ. ಪಿಯುಸಿ ಹೊಗೆ ತಪಾಸಣೆಯಲ್ಲಿ ಇಷ್ಟು ಹಳೇ ಗಾಡಿಗೆ ಹೈಡ್ರೋಕಾರ್ಬನ್ (ಸುಡದೆ ಉಳಿದ ಇಂಧನ) ಮಿತಿ 1,500 ಪಿಪಿಎಂ. ಮುಂಚೆ 1,300ರಲ್ಲಿ ಕೂದಲೆಳೆಯಲ್ಲಿ ಪಾಸಾಗುತ್ತಿತ್ತು, ಹೋದ ಸಲ 600 ಚಿಲ್ಲರೆ ಬಂತು. ಆಯಿಲ್, ಫಿಲ್ಟರ್, ಸೀಲ್, ಟ್ಯಾಪೆಟ್ ಕವರ್ ಪ್ಯಾಕಿಂಗ್, ನೆನೆಸುವ ಸಾಮಾನು ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿದಿದೆ. ಗಿರಾಕಿಯಾದರೆ ಕೂಲಿ ಎರಡೂವರೆ ಸಾವಿರ ಬೇರೆ. ಹೋದ ವಾರ ಕಾಕಾ ಒಂದು ಹಳೇ ಝೆನ್ ಕಳಿಸಿದ್ದಾರೆ. ನಾಲ್ಕೂ ಸಿಲಿಂಡರ್ 150ರ ಮೇಲಿವೆ, ಹೊಗೆ ಮಾತ್ರ ಜೋರು. ನಿನ್ನೆ ರಾತ್ರಿಯಿಂದ ನೆನೆಸಿಟ್ಟಿದ್ದೇನೆ.