ಗ್ಯಾಸ್ ಬೇಗ ಮುಗಿಯುತ್ತಿದೆಯೇ? ಮೊದಲು ಬಚ್ಚಲುಮನೆಯ ಲೆಕ್ಕ ನೋಡಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮನೆಗಳಲ್ಲಿ ಒಂದೇ ದೂರು: ‘ಈ ಸಲ ಸಿಲಿಂಡರ್ ಬೇಗ ಮುಗಿದುಹೋಯಿತು.’ ಪೈಪ್ ಗ್ಯಾಸ್ ಇರುವವರಿಗೆ ಬಿಲ್ ನೋಡಿ ಗಾಬರಿ. ತಕ್ಷಣ ತಪ್ಪೆಲ್ಲ ಅಡುಗೆಮನೆಯ ತಲೆಗೆ ಬೀಳುತ್ತದೆ. ಮುಚ್ಚಳ ಹಾಕಿ ಬೇಯಿಸಿ, ಒಲೆ ಸಣ್ಣ ಮಾಡಿ ಎಂಬ ಉಪದೇಶ ಶುರು. ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಈ ಉಪದೇಶಕ್ಕೆ ಮುಂಚೆ ಒಂದು ಸಣ್ಣ ಲೆಕ್ಕ ಮಾಡಬೇಕು.

ಮೀಟರ್ ಓದುವುದು

ಪೈಪ್ ಗ್ಯಾಸ್ ಮೀಟರಿನಲ್ಲಿ ಎರಡು ಬಣ್ಣದ ಅಂಕಿಗಳಿರುತ್ತವೆ. ಕಪ್ಪು ಅಂಕಿಗಳು ಪೂರ್ತಿ ಘನ ಮೀಟರ್. ಕೆಂಪು ಅಂಕಿಗಳು ದಶಮಾಂಶದ ನಂತರದವು. ಬಿಲ್‌ನಲ್ಲಿ ಇದೇ ಲೆಕ್ಕ ‘ಎಸ್‌ಸಿಎಂ’ ಎಂದು ಬರುತ್ತದೆ, ಅಂದರೆ ಸ್ಟ್ಯಾಂಡರ್ಡ್ ಘನ ಮೀಟರ್. ಒಂದು ವಾರ ದಿನಾ ಒಂದೇ ಹೊತ್ತಿಗೆ ಕೆಂಪು ಅಂಕಿಯನ್ನೂ ಸೇರಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದೆರಡು ದಿನ ಎಲ್ಲರ ಸ್ನಾನಕ್ಕೆ ಮುಂಚೆ ಮತ್ತು ನಂತರವೂ ಓದಿ ನೋಡಿ. ಆ ಹೊತ್ತಿನಲ್ಲಿ ಒಲೆ ಹಚ್ಚದಿದ್ದರೆ ಆಯಿತು, ಗೀಸರ್ ತಿಂದದ್ದು ಎಷ್ಟೆಂದು ನೇರವಾಗಿ ಗೊತ್ತಾಗುತ್ತದೆ.

ಸಿಲಿಂಡರ್ ಮನೆಯವರಿಗೆ ಮೀಟರ್ ಇಲ್ಲ, ಆದರೆ ತೂಕ ಇದೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಅದಕ್ಕೆ 14.2 ಕೆ.ಜಿ. ಸೇರಿಸಿದರೆ ತುಂಬಿದ ಸಿಲಿಂಡರಿನ ತೂಕ. ಡೆಲಿವರಿಗೆ ಬಂದವರನ್ನು ತೂಗಿ ತೋರಿಸಿ ಎಂದು ಕೇಳಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಸಿಲಿಂಡರ್ ಹಾಕಿದ ದಿನ ಮತ್ತು ಮುಗಿದ ದಿನ ಬರೆದಿಟ್ಟರೆ ದಿನಕ್ಕೆ ಎಷ್ಟು ಗ್ರಾಂ ಖರ್ಚಾಯಿತು ಎಂದು ಭಾಗಿಸಿ ನೋಡಬಹುದು.

ಬಿಲ್‌ನಲ್ಲಿ ಏನು ನೋಡಬೇಕು

ಪೈಪ್ ಗ್ಯಾಸ್ ಬಿಲ್ ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ಎಷ್ಟು ದಿನದ ಬಿಲ್ ಎಂದು ನೋಡಿ. 55 ದಿನದ ಬಿಲ್ಲನ್ನೂ 66 ದಿನದ ಬಿಲ್ಲನ್ನೂ ಹೋಲಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಒಟ್ಟು ಎಸ್‌ಸಿಎಂ ಅನ್ನು ದಿನಗಳಿಂದ ಭಾಗಿಸಿ, ಆಮೇಲೆ ಹೋಲಿಸಿ. ಎರಡನೆಯದು, ರೀಡಿಂಗ್ ನಿಜವಾದದ್ದೋ ಅಂದಾಜಿನದೋ. ಮನೆಗೆ ಬೀಗ ಹಾಕಿದ್ದಾಗ ಅಂದಾಜು ಬಿಲ್ ಬರಬಹುದು. ಮುಂದಿನ ನಿಜವಾದ ರೀಡಿಂಗಿನಲ್ಲಿ ಅದು ಸರಿಹೋಗುತ್ತದೆ, ಆದರೆ ಆ ಬಿಲ್ ಸುಮ್ನೆ ದೊಡ್ಡದಾಗಿಯೋ ಚಿಕ್ಕದಾಗಿಯೋ ಕಾಣುತ್ತದೆ. ಮೀಟರಿನ ಫೋಟೊ ತಾರೀಖಿನ ಸಮೇತ ನಿಮ್ಮ ಫೋನಿನಲ್ಲಿ ಇರಲಿ. ಇನ್ನು ತೆರಿಗೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಜಿಎಸ್‌ಟಿ ವ್ಯಾಪ್ತಿಯಲ್ಲಿಲ್ಲ, ಅದಕ್ಕೆ ರಾಜ್ಯದ ವ್ಯಾಟ್ ಬೀಳುತ್ತದೆ.

ಸಿಲಿಂಡರಿನಿಂದ ಪೈಪಿಗೆ ಹೊಸದಾಗಿ ಬಂದವರು ಒಂದು ಅಂದಾಜು ಇಟ್ಟುಕೊಳ್ಳಿ. ಶಾಖದ ಲೆಕ್ಕದಲ್ಲಿ 14.2 ಕೆ.ಜಿ. ಸಿಲಿಂಡರ್ ಒಂದು ಸುಮಾರು 17 ಎಸ್‌ಸಿಎಂಗೆ ಸಮ.

ಒಂದು ಬಕೆಟ್ ಬಿಸಿನೀರಿನ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲರಿ ಬೇಕು. ಚಳಿಗಾಲದ ಬೆಳಗ್ಗೆ ನಲ್ಲಿ ನೀರು 20 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಸ್ನಾನಕ್ಕೆ 40 ಡಿಗ್ರಿ ಸಾಕು. 20 ಲೀಟರಿನ ಬಕೆಟ್‌ಗೆ 400 ಕಿಲೋ ಕ್ಯಾಲರಿ ಆಯಿತು. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 11,000 ಕಿಲೋ ಕ್ಯಾಲರಿ ಶಾಖ ಬರುತ್ತದೆ, ಅದರಲ್ಲಿ ಐದನೇ ಒಂದು ಪಾಲು ಗೀಸರಿನಿಂದ ಗಾಳಿಗೆ ಹೋಗುತ್ತದೆ ಎಂದುಕೊಳ್ಳೋಣ. ಹಾಗಾದರೆ ಒಂದು ಬಕೆಟ್‌ಗೆ ಸುಮಾರು 45 ಗ್ರಾಂ ಗ್ಯಾಸ್.

ನಾಲ್ಕು ಜನರ ಮನೆಯಲ್ಲಿ ತಲೆಗೆ ಒಂದು ಬಕೆಟ್ ಎಂದರೆ ದಿನಕ್ಕೆ 180 ಗ್ರಾಂ. ಅಡುಗೆಗೆ ಮಾತ್ರ ಬಳಸಿದರೆ 45 ದಿನ ಬರುವ ಸಿಲಿಂಡರ್ ಈಗ 29 ದಿನಕ್ಕೆ ಮುಗಿಯುತ್ತದೆ. ಇದು ಬಕೆಟ್ ಸ್ನಾನದ ಮಾತು. ನಿಮಿಷಕ್ಕೆ 6 ಲೀಟರ್ ಬಿಡುವ ಶವರ್ ಕೆಳಗೆ 10 ನಿಮಿಷ ನಿಂತರೆ 60 ಲೀಟರ್, ಅಂದರೆ ಮೂರು ಬಕೆಟ್! ನಾಲ್ವರೂ ಹೀಗೇ ಮಾಡಿದರೆ ಅದೇ ಸಿಲಿಂಡರ್ 17 ದಿನ ಬಂದರೆ ಹೆಚ್ಚು. ಅಡುಗೆಮನೆಯಲ್ಲಿ ಎಷ್ಟು ಮುಚ್ಚಳ ಮುಚ್ಚಿದರೂ ಇದನ್ನು ತುಂಬಿಕೊಡಲು ಆಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಶವರಿನ ಸಮಯ ಇಳಿಸುವುದು, ಇಲ್ಲವೇ ಚಳಿಗಾಲದಲ್ಲಿ ಬಕೆಟ್‌ಗೆ ಮರಳುವುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಇದು ಹೇಳಿದಷ್ಟು ಸುಲಭವಲ್ಲ, ಗೊತ್ತು. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿದರೂ ಸಾಕಷ್ಟು ಉಳಿಯುತ್ತದೆ.

ನೀರನ್ನು ಜಾಸ್ತಿ ಬಿಸಿ ಮಾಡಿ ತಣ್ಣೀರು ಬೆರೆಸಿಕೊಂಡರೆ ಗ್ಯಾಸ್ ದಂಡ ಎಂದು ಹಲವರು ಹೇಳುತ್ತಾರೆ. ನಿಜಕ್ಕೂ ವ್ಯತ್ಯಾಸ ಅಷ್ಟೇನಿಲ್ಲ. ಕೊನೆಗೆ ಮೈಮೇಲೆ ಬೀಳುವ ನೀರು ಎಷ್ಟು ಲೀಟರ್, ಎಷ್ಟು ಬೆಚ್ಚಗೆ ಎಂಬುದೇ ಮುಖ್ಯ. ಆದರೂ ಬೇಸಿಗೆಯಲ್ಲಿ ಗೀಸರಿನ ಗುಬ್ಬಿಯನ್ನು ಚಳಿಗಾಲದ ಗುರುತಿನಲ್ಲೇ ಬಿಡಬೇಡಿ. ಏಪ್ರಿಲ್‌ನಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ, ಅಲ್ವಾ?

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಬಡಾವಣೆಗಳಲ್ಲಿ ಇನ್ನೊಂದು ತೊಂದರೆ ಇದೆ. ಗಡಸು ನೀರಿನ ಬಿಳಿ ಪದರ ಗೀಸರಿನ ಕೊಳವೆಯೊಳಗೆ ಕಟ್ಟಿಕೊಳ್ಳುತ್ತದೆ. ಶಾಖ ನೀರಿಗೆ ದಾಟುವುದು ಕಡಿಮೆಯಾಗುತ್ತದೆ. ನೀರು ಮೊದಲಿನಷ್ಟು ಬಿಸಿಯಾಗದಿದ್ದರೆ ಗುಬ್ಬಿ ತಿರುಗಿಸುತ್ತಾ ಹೋಗದೆ ಸರ್ವೀಸ್ ಮಾಡಿಸಿ.

ಉಳಿತಾಯಕ್ಕಿಂತ ದೊಡ್ಡ ಮಾತೊಂದು ಇಲ್ಲೇ ಹೇಳಬೇಕು. ಗ್ಯಾಸ್ ಗೀಸರ್ ಬಚ್ಚಲುಮನೆಯ ಒಳಗೆ ಇರಬಾರದು. ಗಾಳಿ ಸಾಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರಿಗೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ, ಜೀವವೂ ಹೋಗುತ್ತದೆ. ಗೀಸರನ್ನು ಗಾಳಿಯಾಡುವ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಹಾಕಿಸಿ, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಚಳಿ ಎಂದು ಯುಟಿಲಿಟಿಯ ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟರೂ ಅಪಾಯ ಅಷ್ಟೇ.

ಕರೆಂಟಿಗೆ ಬದಲಾಯಿಸಿದರೆ?

ಅದೇ ಬಕೆಟ್ ನೀರಿಗೆ ಕರೆಂಟು ಸುಮಾರು ಅರ್ಧ ಯೂನಿಟ್. ನಾಲ್ಕು ಜನಕ್ಕೆ ತಿಂಗಳಿಗೆ 60 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಇದೆಯಲ್ಲ, ಗೀಸರ್ ಕರೆಂಟಿನದೇ ಇರಲಿ ಎಂದು ಹೊರಡುವ ಮುಂಚೆ ನಿಮ್ಮ ಮಿತಿ ನೋಡಿ. ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022–23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮನೆಗಳಿಗೆ ಮಿತಿ ಕಟ್ಟಿದ್ದಾರೆ. ಅದನ್ನು ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ತಾರಸಿಯಲ್ಲಿ ಸೋಲಾರ್ ಇದ್ದವರಿಗೆ ಈ ತಲೆನೋವು ಮೋಡ ಕವಿದ ದಿನಗಳಲ್ಲಿ ಮಾತ್ರ.

ಇನ್ನು ಅಡುಗೆಮನೆ

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಮಂಗಳೂರಿಗಿಂತ ಇಲ್ಲಿ ಹೆಚ್ಚು ಹೊತ್ತು ಬೇಕು. ಎಷ್ಟು ಜೋರಾಗಿ ಕುದಿಸಿದರೂ ಶಾಖ 97 ದಾಟುವುದಿಲ್ಲ, ಗ್ಯಾಸ್ ಮಾತ್ರ ಹೋಗುತ್ತದೆ. ಕುಕ್ಕರಿನೊಳಗೆ ಶಾಖ 120ರ ಹತ್ತಿರ ಏರುತ್ತದೆ. ಆದ್ದರಿಂದ ಈ ಊರಿನಲ್ಲಿ ಕುಕ್ಕರ್ ಎಂದರೆ ನಿಜವಾದ ಉಳಿತಾಯ. ಮೊದಲ ವಿಷಲ್ ಬಂದ ಮೇಲೆ ಉರಿ ಸಿಮ್‌ಗೆ ಇಳಿಸಿ. ಒಂದರ ಹಿಂದೆ ಒಂದು ವಿಷಲ್ ಕೂಗಿಸಿದರೆ ಆವಿಯ ಜೊತೆ ಶಾಖವೂ ಹೊರಗೆ ಹೋಗುತ್ತದೆ. ಹುರುಳಿ, ಕಡಲೆಕಾಳು ರಾತ್ರಿಯೇ ನೆನೆಯಲಿ.

ಉರಿ ನೀಲಿಯಾಗಿರಬೇಕು. ಹಳದಿಯಾಗಿ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ತೂತು ಕಟ್ಟಿಕೊಂಡಿದೆ ಎಂದರ್ಥ. ಪೈಪ್ ಗ್ಯಾಸ್‌ಗೆ ಬದಲಾದವರು ಒಲೆಯ ಜೆಟ್ ಬದಲಾಗಿದೆಯೇ ಎಂದು ಕೇಳಿಕೊಳ್ಳಿ. ಎಲ್‌ಪಿಜಿ ಜೆಟ್ಟಿನ ತೂತು ಸಣ್ಣದು, ಪೈಪ್ ಗ್ಯಾಸ್‌ಗೆ ದೊಡ್ಡದು ಬೇಕು. ಇದನ್ನು ಕಂಪನಿಯ ಕೆಲಸದವರೇ ಮಾಡಬೇಕು.

ಸೋರಿಕೆ ಇದೆಯೇ?

ಪೈಪ್ ಗ್ಯಾಸ್ ಇದ್ದರೆ ರಾತ್ರಿ ಒಲೆ, ಗೀಸರಿನ ಗುಬ್ಬಿಗಳನ್ನೆಲ್ಲ ನಿಲ್ಲಿಸಿ ಕೆಂಪು ಅಂಕಿ ಬರೆದುಕೊಳ್ಳಿ. ಈ ಒಂದು ರಾತ್ರಿ ಮೀಟರಿನ ಪಕ್ಕದ ವಾಲ್ವ್ ತೆರೆದೇ ಇರಲಿ. ಬೆಳಗ್ಗೆ ಅಂಕಿ ಓಡಿದ್ದರೆ ಎಲ್ಲೋ ಸೋರುತ್ತಿದೆ. ಸಿಲಿಂಡರಿನವರು ರೆಗ್ಯುಲೇಟರ್ ಮತ್ತು ಪೈಪಿನ ಕೀಲುಗಳಿಗೆ ಸೋಪು ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವ ಚಾಳಿ ಬೇಡವೇ ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯಸ್ಸು 5 ವರ್ಷ, ತಾರೀಖು ಅದರ ಮೇಲೇ ಇರುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆಗೆಯಿರಿ, ರೆಗ್ಯುಲೇಟರ್ ಅಥವಾ ಮೀಟರಿನ ವಾಲ್ವ್ ಮುಚ್ಚಿ ಹೊರಗೆ ಬನ್ನಿ. ಎಲ್‌ಪಿಜಿ ಸೋರಿಕೆಯಾದರೆ 1906ಕ್ಕೆ ಫೋನ್ ಮಾಡಿ. ಪೈಪ್ ಗ್ಯಾಸ್ ಆದರೆ ಬಿಲ್ ಮೇಲಿರುವ ತುರ್ತು ಸಂಖ್ಯೆಗೆ. ಆ ಸಂಖ್ಯೆಯನ್ನು ಇವತ್ತೇ ಮನೆಯವರೆಲ್ಲರ ಫೋನಿನಲ್ಲಿ ಸೇವ್ ಮಾಡಿ.