ಮಾಡೆಲ್ ರೈಲಿಗೆ ಗಟ್ಟಿ ಬೆಟ್ಟ, ಕಡಿಮೆ ಖರ್ಚಿನಲ್ಲಿ

ಸಕಲೇಶಪುರ ಘಾಟಿಯಂಥ ಲೇಔಟ್ (ಮಾಡೆಲ್ ರೈಲು ಓಡುವ ಹಳಿ, ಬೆಟ್ಟಗಳ ಪುಟ್ಟ ಮಾದರಿ) ಮಾಡುವವರಿಗೆ ಒಂದು ಸಲಹೆ. ಬೆಟ್ಟಕ್ಕೆ ಥರ್ಮಾಕೋಲ್ ಪೇರಿಸಬೇಡಿ. ಕೊರೆದರೆ ಮನೆ ತುಂಬಾ ಕಾಳು, ಮೇಲೆ ಸ್ಪ್ರೇ ಪೇಂಟ್ ಹೊಡೆದರೆ ಕರಗಿಯೇ ಹೋಗುತ್ತದೆ. ನನ್ನ ಮೊದಲ ಬೆಟ್ಟ ಹಾಗೇ ಹೋಯಿತು.

ರಟ್ಟಿನ ಡಬ್ಬವನ್ನು ಒಂದು ಇಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಬುಟ್ಟಿ ಹೆಣೆದ ಹಾಗೆ ಅಡ್ಡ ಉದ್ದ ಹೆಣೆದು, ಗ್ಲೂ ಗನ್‌ನಿಂದ ಅಂಟಿಸಿ. ಒಳಗೆ ಟೊಳ್ಳು, ಆದರೂ ಗಟ್ಟಿ. ಅದರ ಮೇಲೆ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿದ ಪೇಪರ್ ತುಂಡುಗಳು, ಎರಡು ಪದರ. ಮೈದಾ ಅಂಟು ಅಗ್ಗ ನಿಜ, ಆದರೆ ಜಿರಳೆಗೆ ಹಬ್ಬ. ಒಂದು ರಾತ್ರಿ ಒಣಗಲಿ.

ಆಮೇಲೆ ಹಳೇ ಕಾಟನ್ ಪಂಚೆಯ ತುಂಡುಗಳನ್ನು ಕಲಸಿದ ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅದ್ದಿ ಹೊದಿಸಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಒಂದು ಬಟ್ಟಲಷ್ಟೇ ಕಲಸಿ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಪಿಒಪಿಗೆ ಸ್ವಲ್ಪ ಕಾವಿ ಪುಡಿ ಬೆರೆಸಿ. ಮುಂದೆ ಎಲ್ಲಾದರೂ ಚಕ್ಕೆ ಎದ್ದರೆ ಬಿಳಿ ಕಾಣದೆ ಕೆಮ್ಮಣ್ಣೇ ಕಾಣುತ್ತದೆ.

ಹುಲ್ಲಿಗೆ ಬಣ್ಣ ಹಾಕಿದ ಮರದ ಹೊಟ್ಟು ಸಾಕು.

ಆ ಘಾಟಿಯಲ್ಲಿ 57 ಸುರಂಗಗಳಿವೆ, ನಮಗೆ ಎರಡು ಸಾಕಲ್ವಾ? ಸುರಂಗ ಮುಚ್ಚುವ ಮೊದಲು ನಿಮ್ಮ ಅತಿ ಉದ್ದದ ಬೋಗಿಯನ್ನು ಓಡಿಸಿ ನೋಡಿ. ತಿರುವಿನಲ್ಲಿ ಬೋಗಿಯ ಮೂಲೆ ಗೋಡೆಗೆ ತಾಗುತ್ತದೆ. ಬೆಟ್ಟದ ಹಿಂಬದಿಯಲ್ಲಿ ಕೈ ಹೋಗುವಷ್ಟು ಕಿಂಡಿ ಬಿಡಿ. ಹಳಿ ತಪ್ಪುವುದು ಯಾವಾಗಲೂ ಸುರಂಗದೊಳಗೇ!